ಫಾರ್ಸಿಯ ‘ರಾ’, ನಮ್ಮ ‘ರಿ’

ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ ಆಡುವ ನಮ್ಮಂಥವರ ಬಾಯಿಗೆ ಇನ್ನೊಂದು ಭಾಷೆ ತುರುಕಿದರೆ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ನಾನಿರುವ ಹೈದರಾಬಾದಿನ ಆಸ್ಪತ್ರೆಗೆ ಇರಾನಿನ ರೋಗಿಗಳು ಬರತೊಡಗಿದಾಗ, ವಿಚಾರಣೆ ಕೌಂಟರಿನ ಮೂವರನ್ನು ಮೆಹದಿಪಟ್ಟಣದ ಒಬ್ಬ ಮೇಷ್ಟ್ರ ಹತ್ತಿರ ಫಾರ್ಸಿ ಕಲಿಯಲು ಕಳಿಸಿದರು. ರಾಯಚೂರಿನವನು ನಾನು, ಕಲಬುರಗಿಯ ಗೆಳೆಯ, ಇನ್ನೇನು ನಿವೃತ್ತಿಯಾಗಲಿದ್ದ ಒಬ್ಬ ತೆಲುಗು ಹಿರಿಯರು. ಕಲಿಯದಿದ್ದರೆ ಮೂವರನ್ನೂ ಬಿಲ್ಲಿಂಗಿಗೆ ಹಾಕುತ್ತೇವೆಂದು ಮ್ಯಾನೇಜರ್ ಹೇಳಿದ್ದರು.

ರಾ

ನಮ್ಮ ‘ಅನ್ನು’ ಪ್ರತ್ಯಯದ ಜಾಗದಲ್ಲಿ ಫಾರ್ಸಿಯವರು ‘ರಾ’ ಹಚ್ಚುತ್ತಾರೆ. ಮೇಷ್ಟ್ರು ಹಿರಿಯರ ಕಡೆ ನೋಡಿ, “ಶುಮಾ ರಾ ದೀದಮ್” ಅಂದರು. ಅಂದರೆ, ನಿಮ್ಮನ್ನು ನೋಡಿದೆ.

ಹಿರಿಯರು ಎದ್ದು ನಿಂತರು. ತೆಲುಗಿನಲ್ಲಿ ‘ರಾ’ ಅಂದರೆ ನಮ್ಮ ‘ಲೇ’ ಇದ್ದಂತೆ. “ಮೊಮ್ಮಕ್ಕಳನ್ನು ಕಂಡವನು ನಾನು. ನನಗೆ ‘ರಾ’ ಅಂತೀರಾ?”

ಮೇಷ್ಟ್ರು ಚಹಾ ತರಿಸಿ ಸಮಾಧಾನ ಮಾಡಿದರು. ಮುಂದಿನ ಸರದಿ ನನ್ನದು. ಜಗಳ ಬ್ಯಾಡಂತ ನಾನು ಮೇಷ್ಟ್ರಿಗೆ, “ಶುಮಾ ರಿ ದೀದಮ್” ಅಂದೆ.

“ಈ ‘ರಿ’ ಯಾವ ವಿಭಕ್ತಿ?” ಅಂತ ಕೇಳಿದರು.

“ವಿಭಕ್ತಿ ಅಲ್ರಿ ಸರ್,” ಅಂದೆ, “ಮರ್ಯಾದಿ.”

ಊ

ಫಾರ್ಸಿಯಲ್ಲಿ ಅವನಿಗೂ ‘ಊ’, ಅವಳಿಗೂ ‘ಊ’. ಕ್ರಿಯಾಪದ ನೋಡಿದರೂ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಒಂದು ದಿನ ಇರಾನಿನ ಗಂಡ ಹೆಂಡತಿ ಬಂದರು. ಆತ ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿ, “ಊ ಹಾಮಿಲೆ ಅಸ್ತ್” ಅಂದ. ನಮ್ಮ ಹಿರಿಯರು ತಲೆ ಎತ್ತದೆ ಮೇಲಿನ ಮಹಡಿಯ ಲೇಡಿ ಡಾಕ್ಟರಿಗೆ ಫೋನು ಹಚ್ಚಿ, ಶಬ್ದಕ್ಕೆ ಶಬ್ದ ಅನುವಾದ ಮಾಡಿದರು: “ಮೇಡಂ, ಅವನು ಗರ್ಭಿಣಿ.”

ಡಾಕ್ಟರು ಕೇಳಿದರು, “ಹೆಂಡತಿಗೆ ಗೊತ್ತೇನು?”

ನ

ನಮ್ಮ ಕನ್ನಡದಲ್ಲಿ ‘ಬೇಡ’ ಕೊನೆಗೆ ಬರುತ್ತದೆ. ಫಾರ್ಸಿಯಲ್ಲಿ ಕ್ರಿಯಾಪದದ ಮೊದಲಲ್ಲೇ ‘ನ’ ಕೂತಿರುತ್ತದೆ. ‘ಬೆಖೊರೀದ್’ ಅಂದರೆ ತಿನ್ನಿ, ‘ನಖೊರೀದ್’ ಅಂದರೆ ತಿನ್ನಬೇಡಿ.

ಒಬ್ಬ ಇರಾನಿ ಅಜ್ಜಿಗೆ ಮೊಣಕಾಲಿನ ಆಪರೇಷನ್ ಇತ್ತು. ಬೆಳಿಗ್ಗೆ ಏನೂ ತಿನ್ನಬಾರದೆಂದು ಹೇಳಿಬರಲು ಕಲಬುರಗಿಯ ಗೆಳೆಯ ಹೋದ. ಅಜ್ಜಿಯ ಮಗಳು ತನಗೆಂದು ತರಿಸಿಕೊಂಡ ಇಡ್ಲಿ ಮೇಜಿನ ಮೇಲಿತ್ತು. ಆಕೆ ಔಷಧ ತರಲು ಕೆಳಗೆ ಹೋಗಿದ್ದಳು. ಗೆಳೆಯ ಬಂದು, “ಅಜ್ಜಿಗೆ ಬೇಷ್ ತಿಳಿಸಿ ಹೇಳೇನ್ರಿ. ಕೈ ಮುಗದು ಹೇಳೇನಿ,” ಅಂದ.

ತುಸು ಹೊತ್ತಿಗೆ ಸರ್ಜನ್ ಕೆಂಡಾಮಂಡಲವಾಗಿ ಇಳಿದು ಬಂದರು. ಅಜ್ಜಿ ಹೊಟ್ಟೆ ತುಂಬ ತಿಂದಿದ್ದಾರೆ, ಆಪರೇಷನ್ ನಾಳೆಗೆ ಹೋಯಿತು. ಮ್ಯಾನೇಜರ್, ನಾನು, ಗೆಳೆಯ ಎಲ್ಲರೂ ಅಜ್ಜಿಯ ಕೋಣೆಗೆ ಓಡಿದೆವು.

“ಏನಂತ ಹೇಳಿದಿ?” ಅಂತ ಮ್ಯಾನೇಜರ್ ಗೆಳೆಯನನ್ನು ಕೇಳಿದರು.

“ಬೆಖೊರೀದ್ ನಾ, ಅಂದೆ ಸರ್.”

ಕನ್ನಡದ ರೂಢಿಯಲ್ಲಿ ‘ನ’ವನ್ನು ಕೊನೆಗೆ ಒಯ್ದು ಇಟ್ಟಿದ್ದ. ಅಜ್ಜಿಯೋ ತಿಂಗಳಿಂದ ಇದೇ ಊರಲ್ಲಿದ್ದು, ಎಲ್ಲರೂ ಹಿಂದಿಯಲ್ಲಿ “ಖಾವೋ ನಾ, ಬೈಠೋ ನಾ” ಅಂತ ‘ನಾ’ ಹಚ್ಚಿ ಒತ್ತಾಯದಿಂದ ಉಪಚರಿಸುವುದನ್ನು ಕೇಳಿದವರು.

ಮಗಳು ವಿಚಾರಿಸಿದಾಗ ಅಜ್ಜಿ ಗೆಳೆಯನನ್ನೇ ಅಕ್ಕರೆಯಿಂದ ನೋಡುತ್ತ ಹೇಳಿದರು: “ನನಗೆ ಹಸಿವೇ ಇರಲಿಲ್ಲ, ಬೇಡವೆಂದೆ. ಕೇಳಲಿಲ್ಲ, ಪಾಪ, ಕೈಮುಗಿದು ಒತ್ತಾಯ ಮಾಡಿದ. ಅವನ ಮನಸ್ಸಿಗೆ ನೋವಾಗಬಾರದೆಂದು ನಾಲ್ಕೂ ಇಡ್ಲಿ ತಿಂದೆ.”