ಬಾಯಿಲ್ಲದ ಲ್ಯಾಪ್‌ಟಾಪಿಗೆ ಊಟ ಮಾಡಿಸಿದ್ದು

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರು ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಗಿರಾಕಿಗಳು ಮಷೀನಿನ ಜೊತೆಗೇ ನಗುವನ್ನೂ ತಂದು ಮೇಜಿನ ಮೇಲೆ ಇಡುತ್ತಾರೆ. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಸೇಡಂ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಅಂಗಡಿ. ಹೆಂಗಸೊಬ್ಬಳು ಸ್ಕ್ರೂಡ್ರೈವರ್ ಹಿಡಿದು ಕುಂತದ್ದನ್ನು ನೋಡಲಿಕ್ಕೆಂದೇ ಕೆಲವರು ಕೆಡದ ಮಷೀನನ್ನೂ ಹೊತ್ತು ತರುತ್ತಿದ್ದರು. ನಿಜಕ್ಕೂ ಕಷ್ಟದಲ್ಲಿದ್ದ ಒಂದು ಲ್ಯಾಪ್‌ಟಾಪಿನ ಸುದ್ದಿ ಇದು.

೧. ಸಲಾಯಿನ್

ತಂದವರು ಕುಂಚಾವರಂ ಕಡೆಯ ಸಣ್ಣ ಊರಿನ ಶಾಲೆಯ ಹೆಡ್‌ಮಾಸ್ತರು. ಹೈದರಾಬಾದಿನ ಯಾರೋ ಪುಣ್ಯಾತ್ಮರು ತಮ್ಮ ಹಳೇ ಲ್ಯಾಪ್‌ಟಾಪನ್ನು ಶಾಲೆಗೆ ಕೊಟ್ಟಿದ್ದರು. ಆ ಊರಿಗೇ ಅದು ಮೊದಲ ಕಂಪ್ಯೂಟರ್. ಮಾಸ್ತರು ಅದನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗೆ ಅವಚಿಕೊಂಡು ಬಂದಿದ್ದರು.

"ಒಳಗ ಏನೂ ಇಲ್ಲಂತರಿ ಮೇಡಂ, ಖಾಲಿ ಅದ. ಶನಿವಾರ ಊರ ಮಂದೀನ ಕರದೀನಿ. ಹುಡುಗುರು ಈಗೇ ಕುಣೀಲಿಕತ್ತಾವ."

ಆಪರೇಟಿಂಗ್ ಸಿಸ್ಟಮ್ ಅನ್ನುವ ಮೂಲ ಪ್ರೋಗ್ರಾಂ ಹಾಕದೆ ಕಂಪ್ಯೂಟರ್ ಏಳುವುದಿಲ್ಲ. ನನ್ನ ಹತ್ತಿರ ಅದು ಸಿ.ಡಿ.ಯಲ್ಲಿತ್ತು. ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದೆ, ಸಿ.ಡಿ. ಹಾಕುವ ಜಾಗವೇ ಇಲ್ಲ.

"ಇದಕ್ಕ ಬಾಯೇ ಇಲ್ಲಲ್ರಿ ಸರ್, ಹೆಂಗ ಉಣಸೋದು?" ಅಂದೆ.

ಅವರು ಹೆದರಲಿಲ್ಲ. "ಬಾಯಿಲೆ ಉಣ್ಣಲಾರದವ್ರಿಗಿ ದವಾಖಾನ್ಯಾಗ ಸಲಾಯಿನ್ ಹಚ್ಚತಾರಲ್ರಿ, ಹಂಗ ಎಲ್ಲ್ಯಾರ ಚುಚ್ಚಿ ನೋಡ್ರಿ."

೨. ಆಪರೇಷನ್

ಚುಚ್ಚಲು ಪೆನ್‌ಡ್ರೈವ್ ಹಾಕುವ ಒಂದು ಕಿಂಡಿಯೇನೋ ಇತ್ತು. ಹತ್ತಿರದ ಊರು ಆದಿತ್ಯನಗರದ ನನ್ನ ಗೆಳತಿಯ ಬಳಿ ಈ ಪ್ರೋಗ್ರಾಂ ತುಂಬಿದ ಪೆನ್‌ಡ್ರೈವ್ ಇತ್ತು. ಮಾಸ್ತರು ತಾವೇ ಹೋಗಿ ತಂದರು. ಎಲ್ಲಿ ಬಿದ್ದೀತೋ ಅಂತ ಬಸ್ಸಿನಲ್ಲಿ ಮುಷ್ಟಿ ಬಿಗಿಹಿಡಿದು, ಒಂದೇ ಕೈಯಲ್ಲಿ ಜೋತಾಡುತ್ತ ನಿಂತಿದ್ದರಂತೆ.

"ಕೈಯಾಗ ಏನದರಿ?" ಅಂತ ಕಂಡಕ್ಟರ್ ಕೇಳಿದ. ಇವರು "ಆಪರೇಟಿಂಗ್ ಸಿಸ್ಟಮ್" ಅಂದರು. ಬಸ್ಸಿನ ಗದ್ದಲದಲ್ಲಿ ಅವನಿಗೆ ಅರ್ಧವೇ ಕೇಳಿಸಿತು.

"ಏಳ್ರಿ, ಏಳ್ರಿ, ಮಾಸ್ತರಿಗಿ ಆಪರೇಷನ್ ಅದ! ಜಾಗಾ ಕೊಡ್ರಿ!"

ಸೀಟು ಸಿಕ್ಕಿತು. ಪಕ್ಕದ ಮುದುಕಿ ಮರುಗಿದಳು. "ಎಲ್ಲಿ ಮಾಡಸ್ತಿಯಪ್ಪ?"

ಮಾಸ್ತರು ಕಂಪ್ಯೂಟರಿನ ಮಾತೆಂದೇ ತಿಳಿದರು. "ಸೇಡಂದಾಗ್ರಿ ಅಮ್ಮಾ. ಒಬ್ರು ಮೇಡಂ ಮಾಡ್ತಾರ."

"ಹೆಣ್ಣಮಗಳೇನು? ಛಲೋ ಆತು ಬಿಡು, ಹೊಲಿಗಿ ಸಣ್ಣ ಹಾಕ್ತಾಳ."

೩. ಉಳಿದ ಸ್ಕ್ರೂ

ಅಷ್ಟೆಲ್ಲ ಜೋಪಾನ ಮಾಡಿ ತಂದರೂ ಆ ಹಳೇ ಲ್ಯಾಪ್‌ಟಾಪು ಪೆನ್‌ಡ್ರೈವಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮಾಸ್ತರ ಮುಖ ಸಣ್ಣದಾಯಿತು. ಉಳಿದದ್ದು ಒಂದೇ ದಾರಿ. ಅದರ ಹಾರ್ಡ್ ಡಿಸ್ಕ್ ಬಿಚ್ಚಿ ನನ್ನ ದೊಡ್ಡ ಕಂಪ್ಯೂಟರಿಗೆ ಜೋಡಿಸಬೇಕು, ಸಿ.ಡಿ.ಯಲ್ಲಿದ್ದುದನ್ನೆಲ್ಲ ಅದಕ್ಕೆ ತುಂಬಬೇಕು, ಮತ್ತೆ ಲ್ಯಾಪ್‌ಟಾಪಿನೊಳಗೆ ಕೂಡಿಸಬೇಕು. ಆದರೆ ಸಾಸಿವೆಯಷ್ಟು ಸಣ್ಣ ಸ್ಕ್ರೂಗಳು, ನನ್ನ ಸ್ಕ್ರೂಡ್ರೈವರ್‌ಗೆ ಸಿಗಲೊಲ್ಲವು. ಪಕ್ಕದ ಅಂಗಡಿಯ ಗಡಿಯಾರ ರಿಪೇರಿ ಚಾಚಾರನ್ನು ಕರೆದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಕಚಕನೆ ಬಿಚ್ಚಿಕೊಟ್ಟರು. ನಾನು ತುಂಬಿದ ಮೇಲೆ ಚಕಚಕನೆ ಜೋಡಿಸಿಯೂ ಕೊಟ್ಟರು. ಮೇಜಿನ ಮೇಲೆ ಒಂದು ಸ್ಕ್ರೂ ಉಳಿದಿತ್ತು.

"ಚಾಚಾ, ಇದು?"

"ಫಿಕರ್ ಮಾಡಬ್ಯಾಡ ಬೇಟಿ. ನಲವತ್ತು ವರ್ಷದಿಂದ ಬಿಚ್ಚಲಿಕತ್ತೀನಿ, ಪ್ರತಿ ಸಲ ಒಂದು ಉಳೀತದ. ನಾ ಇವತ್ತಿನ ತನಕ ಅಂಗಡಿಗಿ ಸ್ಕ್ರೂ ಖರೀದಿ ಮಾಡೇ ಇಲ್ಲ."

೪. ಗುಟ್ಟು

ಲ್ಯಾಪ್‌ಟಾಪ್ ಹಚ್ಚಿದೆವು. ನೀಲಿ ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಪ್ರೋಗ್ರಾಂ ಕೂಡುವುದು ಮುಗಿಯುವ ತನಕ ಕರೆಂಟು ಹೋಗಲಿಲ್ಲ, ಅದೂ ಒಂದು ಪವಾಡವೇ. ಕೊನೆಗೆ ಪುಟ್ಟ ಸಂಗೀತ ನುಡಿಸಿ ಅದು ಎದ್ದು ಕುಳಿತಾಗ ಮಾಸ್ತರು ಕನ್ನಡಕ ತೆಗೆದು ಒರೆಸಿದರು. ಒದ್ದೆಯಾಗಿದ್ದು ಕನ್ನಡಕವಲ್ಲ.

ಮಕ್ಕಳು ಒತ್ತಿ ಒತ್ತಿ ಎಲ್ಲ ಅಳಿಸಿಬಿಟ್ಟಾರು ಅಂತ ಪಾಸ್‌ವರ್ಡ್ ಇಟ್ಟುಕೊಟ್ಟೆ. ಮಾಸ್ತರು ಆರಿಸಿದ್ದು ಇಂಗ್ಲಿಷಿನ 'ಮ್ಯಾಂಗೋ'.

"ಇದು ಗುಟ್ಟು ಸರ್. ಯಾರಿಗೂ ಹೇಳಬ್ಯಾಡ್ರಿ. ಮರತ್ರ ಮಾತ್ರ ಮತ್ತ ಮೊದಲಿಂದ ಬಿಚ್ಚಬೇಕಾಗ್ತದ."

"ಹೆಂಗ ಮರೀತೀನ್ರಿ!" ಅಂದರು.

ಶನಿವಾರ ನನ್ನನ್ನೂ ಕರೆದಿದ್ದರು. ಶಾಲೆಯ ಕಟ್ಟೆಯ ತುಂಬ ಜನ, ಮುಂದೆ ಮಕ್ಕಳು, ನಡುವೆ ಹೂಮಾಲೆ ಹಾಕಿಸಿಕೊಂಡ ಲ್ಯಾಪ್‌ಟಾಪ್. ಮಾಸ್ತರು ಗುಂಡಿ ಒತ್ತಿದರು. ಪರದೆ ಪಾಸ್‌ವರ್ಡ್ ಕೇಳಿತು. ಅವರ ಕೈ ಗಾಳಿಯಲ್ಲೇ ನಿಂತಿತು. ನನ್ನ ಕಡೆ ನೋಡಿದರು. ಇಷ್ಟು ಜನರ ಮುಂದೆ ನಾನು ಹೇಗೆ ಹೇಳಲಿ?

"ಮಾಸ್ತರ, ಅದು ಮಲಗ್ಯದೇನು?" ಅಂತ ಒಬ್ಬಾಕೆ ಹಿಂದಿನಿಂದ ಕೇಳಿದಳು.

ಮಾಸ್ತರು ಮಕ್ಕಳ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಒಂದನೇ ಇಯತ್ತೆಯಿಂದ ಐದನೇ ಇಯತ್ತೆಯ ತನಕ ಇಡೀ ಶಾಲೆ ಎದ್ದು ನಿಂತು, ಕೈ ಕಟ್ಟಿ, ಒಂದೇ ದನಿಯಲ್ಲಿ ಕೂಗಿತು: "ಎಂ! ಎ! ಎನ್! ಜಿ! ಓ!"

ಮಾಸ್ತರು ಒಂದೊಂದೇ ಅಕ್ಷರ ಒತ್ತಿದರು, ಲ್ಯಾಪ್‌ಟಾಪ್ ತೆರೆದುಕೊಂಡಿತು. ಜನ ಚಪ್ಪಾಳೆ ತಟ್ಟಿದರು. ನಾನು ಮಾಸ್ತರ ಕಿವಿಯ ಹತ್ತಿರ ಬಗ್ಗಿದೆ. "ಏನ್ರಿ ಸರ್ ಇದು?"

"ಮರೀಬಾರದಂತ ದಿನಾ ಪ್ರಾರ್ಥನಾ ಆದ ಮ್ಯಾಲ ಹೇಳಸ್ತೀನ್ರಿ."

"ಗುಟ್ಟು ಅಂದಿದ್ನಲ್ರಿ!"

"ಗುಟ್ಟೇ ಅದರಿ ಮೇಡಂ," ಅಂದರು ಮಾಸ್ತರು ಗಂಭೀರವಾಗಿ. "ನಮ್ಮ ಊರವ್ರನ್ನ ಬಿಟ್ಟು ಇನ್ನ ಯಾರಿಗೂ ಗೊತ್ತಿಲ್ಲ."