ಬೆಳ್ಚಗಾದ ತಟ್ಟೆಗಳು

ಬಣ್ಣ ಇದ್ದದ್ದು, ಬಣ್ಣಗೆಟ್ಟದ್ದು ಒಂದೇ ಕಡೆ ಕಂಡರೆ ಜಯವ್ವನ ಕೈ ಸುಮ್ಮನಿರುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಇಪ್ಪತ್ತು ವರ್ಷ ಮೆಣಸಿನಕಾಯಿ ಆರಿಸಿದವಳು. ರಾಣೆಬೆನ್ನೂರಿನ ಕಾಲೇಜೊಂದರ ಲ್ಯಾಬಿಗೆ ಆಯಾ ಆಗಿ ಬಂದು ಒಂದು ತಿಂಗಳಾಗಿತ್ತಷ್ಟೆ.

ಆ ಮುಂಜಾನೆ ಸಂಶೋಧಕ ತೌಸಿಫ್ ಬಂದು ನೋಡಿದರೆ, ಟೇಬಲ್ಲಿನ ಮೇಲೆ ನೇರಳೆ ಬಣ್ಣದ ಗಾಜಿನ ತಟ್ಟೆಗಳು ಮಾತ್ರ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿದ್ದವು.

"ಜಯವ್ವಾ, ಉಳಿದವು ಎಲ್ಲಿ ಹೋದ್ವು?"

"ಬೆಳ್ಚಗಾಗಿದ್ವಲ್ರಿ ಸರ, ಕೆಟ್ಟ ಮಾಲು. ಕುದಿಸಿ ಚೆಲ್ಲಿ, ತಟ್ಟಿ ತೊಳದ ಇಟ್ಟೇನಿ."

ತೌಸಿಫ್ ಸ್ಟೂಲಿನ ಮೇಲೆ ಕುಸಿದ. ಮೆಣಸಿನಕಾಯಿ ತೊಟ್ಟಿನ ಕಷಾಯದಿಂದ ಅವನು ಬೆಳ್ಳಿಯ ನ್ಯಾನೋಕಣ ತಯಾರಿಸಿದ್ದ. ತಟ್ಟೆಯೊಳಗಿನ ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲಿ ಸಂಕೇತ ಕಳಿಸಿ ಮಾತಾಡಿಕೊಂಡರೆ ಮಾತ್ರ ನೇರಳೆ ಬಣ್ಣ ಬಿಡುತ್ತವೆ. ರೋಗ ಹರಡುವ ಒಳಸಂಚೂ ಆ ಮಾತಿನಲ್ಲೇ. ನ್ಯಾನೋಕಣ ಬಿದ್ದಲ್ಲಿ ಮಾತು ನಿಂತು ಬಣ್ಣ ಮಾಸಿತ್ತು. ಆ ಮಾಸಿದ ತಟ್ಟೆಗಳೇ ಅವನ ಮೂರು ವರ್ಷದ ಫಲ. ಇವತ್ತು ಪರೀಕ್ಷಕರು ನೋಡಿ ಒಪ್ಪಿದರೆ ಪಿಎಚ್.ಡಿ. ಮುಗಿದು ಬಿಡುಗಡೆ. ಇಲ್ಲವೆಂದರೆ ಮತ್ತೆ ಮೊದಲಿನಿಂದ.

ಪಕ್ಕದ ಲ್ಯಾಬಿನ ಉಡಚಪ್ಪ ಮಾಸ್ತರು ಚಹಾದ ಕಪ್ಪಿನೊಡನೆ ಇಣುಕಿದರು. "ಅಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತೀರಿ? ಇದ್ದ ತಟ್ಟಿಗೆ ಬ್ಲೀಚಿಂಗ್ ಪೌಡರ್ ಉದರಸ್ರಿ, ಹಾಲಿನಂಗ ಆಗ್ತಾವ."

"ಸಾಯ್ತಾವ್ರಿ ಸರ! ಅವು ಬದುಕಿರಬೇಕು, ಮಾತಷ್ಟ ಬಿಡಬೇಕು."

"ಹಂಗಾದ್ರ ನಮ್ಮ ಬೀಗರಿದ್ದಂಗ ಅನ್ರಿ."

ಅಷ್ಟರಲ್ಲಿ ಪರೀಕ್ಷಕರಾದ ಸುಧಾರಾಣಿ ಮೇಡಂ ಹಾವೇರಿಯಿಂದ ಬಂದೇಬಿಟ್ಟರು, ಅದೂ ಒಂದು ತಾಸು ಮೊದಲೇ. ತೌಸಿಫ್ ಬೆವರೊರೆಸಿಕೊಳ್ಳುತ್ತ ಇದ್ದದ್ದನ್ನು ಇದ್ದಂತೆ ಹೇಳಿದ. ಮೇಡಂ ಬೈಯಲಿಲ್ಲ. ಸಿಂಕಿನ ಪಕ್ಕ ತೊಳೆದಿಟ್ಟ ತಟ್ಟೆಗಳ ಮೇಲಿನ ನಂಬರುಗಳನ್ನೇ ನೋಡುತ್ತ ನಿಂತರು.

"ಇವನ್ನ ಹಿಂಗ ಸಾಲಾಗಿ ಯಾರು ಜೋಡಿಸ್ಯಾರ?"

"ನಾನ್ರಿ ಅಕ್ಕಾರ. ಸ್ವಲ್ಪ ಮಾಸಿದ್ದು ಈ ಕಡೆ, ಪೂರಾ ಮಾಸಿದ್ದು ಆ ಕಡೆ. ಚೆಲ್ಲೂ ಮಾಲಾದ್ರೂ ದರ್ಜೆ ಮಾಡೇ ಚೆಲ್ಲೂದು ನಮ್ಮ ರೂಢಿ."

ಯಾವ ನಂಬರಿಗೆ ಎಷ್ಟು ನ್ಯಾನೋಕಣ ಹಾಕಿದೆ ಎಂಬುದು ತೌಸಿಫನ ನೋಟ್‌ಬುಕ್ಕಿನಲ್ಲಿ ಮಾತ್ರ ಇತ್ತು. ಮೇಡಂ ಅದನ್ನು ತೆರೆದು ತಾಳೆ ನೋಡಿದರು. ಜಯವ್ವನ ಸಾಲು ಕಡಿಮೆಯಿಂದ ಹೆಚ್ಚಿಗೆ, ಒಂದೂ ತಪ್ಪಿರಲಿಲ್ಲ.

"ಏನೂ ಗೊತ್ತಿಲ್ದವ್ರ ಕಣ್ಣು ಹೇಳಿದ ಸಾಕ್ಷಿ ಇದು! ನಿಮ್ಮ ನ್ಯಾನೋಕಣ ಖರೇ ಕೆಲಸ ಮಾಡೇತಿ, ತೌಸಿಫ್."

ತೌಸಿಫನ ಕಣ್ಣು ತುಂಬಿ ಬಂತು. "ಹಂಗಾದ್ರ ನನ್ನ ಕೆಲಸ ಮುಗೀತ್ರಿ ಮೇಡಂ?"

ಮೇಡಂ ಹಾಳೆ ತಿರುವಿದರು. "ಯಾವುದು ಎಷ್ಟು ಮಾಸೇತಿ ಅಂತ ನೀವು ಬರೆದದ್ದು ಮಾತ್ರ ಜಯವ್ವನ ಸಾಲಿಗೆ ಹೊಂದಂಗಿಲ್ಲ, ಪುಟಕ್ಕ ನಾಲ್ಕು ಕಡೆ ತಪ್ಪೈತಿ. ಎಲ್ಲಾ ಮತ್ತ ಬೆಳಸ್ರಿ. ಈ ಸಲ ಬಣ್ಣ ನೋಡೂದು ಜಯವ್ವ."

ಜಯವ್ವ ಸೆರಗು ಸಿಕ್ಕಿಸಿಕೊಂಡು ಗಂಭೀರವಾಗಿ ಕೇಳಿದಳು: "ನಾ ಆರಸಾಕ ಕುಂತ್ರ, ತಟ್ಟಿ ತೊಳ್ಯಾವ್ರು ಯಾರ್ರಿ ಅಕ್ಕಾರ?"

ಎಲ್ಲರೂ ತೌಸಿಫನ ಕಡೆ ತಿರುಗಿದರು.