ಬೂದು ಕೋಟು ತೊಟ್ಟ ಕಾಗೆ

ಕಾಗೆಯನ್ನು ನಾನು ಎಂದೂ ಹಕ್ಕಿಯೆಂದು ಎಣಿಸಿದವಳಲ್ಲ. ಹಕ್ಕಿ ಎಂದರೆ ನಾವು ಕತ್ತೆತ್ತಿ ನೋಡಬೇಕಾದದ್ದು. ಕಾಗೆಯಾದರೋ ತಾನಾಗಿ ಬಂದು ನಮ್ಮ ಅಡುಗೆಮನೆಯನ್ನು ನೋಡಿಕೊಂಡು ಹೋಗುತ್ತದೆ. ಮಲೇಷ್ಯಾದ ಈ ನಿಲಾಯ್ ಊರಿಗೆ ಬಂದ ಹೊಸದರಲ್ಲಿ ಇಲ್ಲಿನ ಬೀದಿ, ಭಾಷೆ, ಬಸ್ಸು ಒಂದೂ ತಿಳಿಯದೆ ಬಾಲ್ಕನಿಯಲ್ಲಿ ಕೂತಿದ್ದೆ. ಆಗ ಕೆಳಗೆ ತಮಿಳು ಮುಸಲ್ಮಾನರು ನಡೆಸುವ ಮಾಮಕ್ ಹೋಟೆಲಿನಲ್ಲಿ ಯಾರೋ ಬಿಟ್ಟುಹೋದ ರೊಟ್ಟಿಯ ಚೂರನ್ನು ಕಚ್ಚಿಕೊಂಡು ಒಂದು ಕಾಗೆ ಕಂಬಿಯ ಮೇಲೆ ಬಂದು ಕೂತಿತು. ಅಂದಿನಿಂದ, ಮನುಷ್ಯರಿದ್ದಲ್ಲೆಲ್ಲ ಕಾಗೆ ಇದ್ದೇ ಇರುತ್ತದೆ ಎಂದು ನಂಬಿಬಿಟ್ಟೆ. ಮಕ್ಕಳೇ, ಆ ನಂಬಿಕೆಯಿಂದ ಸ್ಕಾಟ್ಲೆಂಡಿನಲ್ಲಿ ನಾನು ಪಟ್ಟ ಪಾಡನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ದೊಡ್ಡವಳಾದ ಅನ್ವಿ ಆಗ ಜೊತೆಗಿದ್ದಳು. ಅವಳು ಬೇರೆ ರೀತಿ ಹೇಳಿದರೆ ನಂಬಬೇಡಿ.

ನನ್ನ ಅಳಿಯಂದಿರು ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಡಾಕ್ಟರು. ಅವರಿಗೆ ಅದು ಹೇಗೋ ಹಕ್ಕಿ ನೋಡುವ ಹುಚ್ಚು ಹತ್ತಿತು. ಭಾನುವಾರ ಬಂತೆಂದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ಕಾಲೇಜಿನ ಗೆಳೆಯರೊಂದಿಗೆ ಕಾಡು ಸೇರುತ್ತಿದ್ದರು. ಕಾಡಿಗೆ ಹೋಗಿ ಏನನ್ನೂ ಹೊತ್ತು ತರದೆ, ಬರೀ ನೋಡಿ ಬರುವುದು ನನಗೆ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಒಂದು ವರ್ಷ ಶಾಲೆಯ ರಜೆಯಲ್ಲಿ ಆ ಗುಂಪೆಲ್ಲ ಸೇರಿ ಸ್ಕಾಟ್ಲೆಂಡಿನ ದ್ವೀಪವೊಂದಕ್ಕೆ ಹೊರಟಿತು. ಅಲ್ಲಿ ಪಫಿನ್ ಎಂಬ ಹಕ್ಕಿ ಇದೆಯಂತೆ. ಮಗಳು ಸುಮ ನನ್ನ ಹೆಸರನ್ನೂ ಸೇರಿಸಿದಳು.

ಟಿಕೆಟ್ ಆದ ಮೇಲೆ ನಮ್ಮೂರು ಉಡುಪಿಯ ಕ್ಯಾಲೆಂಡರ್ ತಿರುವಿದೆ. ನಿಮ್ಮ ಅಜ್ಜನ ತಿಥಿ ಸರಿಯಾಗಿ ಅದೇ ವಾರ. ನಮ್ಮಲ್ಲಿ ಆ ದಿನ ಅವರಿಗೆ ಇಷ್ಟವಾದ ಅಡುಗೆ ಮಾಡಿ, ಮೊದಲು ಕಾಗೆಗೆ ಎಡೆ ಇಡಬೇಕು. ಕಾಗೆ ಮುಟ್ಟಿದ ಮೇಲೆಯೇ ನನ್ನ ಊಟ. ಮುಟ್ಟದಿದ್ದರೆ ಸತ್ತವರಿಗೆ ಏನೋ ಅಸಮಾಧಾನ ಉಳಿದಿದೆ ಎಂದರ್ಥ. ಸುಮಳಿಗೆ ಹೇಳಿದರೆ, ಕಾಗೆ ಎಲ್ಲಿ ಇಲ್ಲ ಹೇಳು, ನೀನು ಸುಮ್ಮನೆ ತಲೆಬಿಸಿ ಮಾಡಬೇಡ ಎಂದಳು. ಆದರೆ ತಲೆಬಿಸಿ ಅಲ್ಲಿಗೆ ಹೋದ ಮೇಲೆ ಇನ್ನೂ ಹೆಚ್ಚಾಯಿತು. ಆ ದ್ವೀಪದಲ್ಲಿ ಊಟ ಮುಗಿಸಿ ಹಾಸಿಗೆ ಹಾಸಿದರೂ ಸೂರ್ಯನಿಗೆ ಮುಳುಗುವ ಯೋಚನೆಯೇ ಇಲ್ಲ. ಉಡುಪಿಯಲ್ಲಿ ತಿಥಿ ಶುರುವಾದಾಗ ಅಲ್ಲಿ ಹಿಂದಿನ ದಿನವೋ, ನಿಲಾಯ್‌ನಲ್ಲಿ ಮುಗಿದಾಗ ಅಲ್ಲಿ ಮಧ್ಯಾಹ್ನವೋ ಎಂದು ಬೆರಳು ಮಡಚಿ ಮಡಚಿ ಸೋತೆ. ಅಜ್ಜ ಯಾವ ಊರಿನ ಗಡಿಯಾರ ನೋಡಿ ಹೊರಡುತ್ತಾರೆಂದು ನನಗೇನು ಗೊತ್ತು? ಕೊನೆಗೆ ನಾನು ಎದ್ದ ಹೊತ್ತೇ ಬೆಳಗು ಎಂದುಕೊಂಡೆ.

ದೋಣಿ ನಿಲ್ಲುವ ಕಡೆ ಬಂಗುಡೆ ಸಿಕ್ಕಿತ್ತು. ನಿಮ್ಮ ಅಜ್ಜನಿಗೆ ಬಂಗುಡೆ ಎಂದರೆ ಪ್ರಾಣ. ನಿಲಾಯ್‌ನಿಂದ ತಂದಿದ್ದ ಮಸಾಲೆ ಹಚ್ಚಿ ಹುರಿದೆ, ಅನ್ನ ಮಾಡಿದೆ. ಬಾಳೆಲೆ ಎಲ್ಲಿಂದ ತರುವುದು? ಕೋಸಿನ ದೊಡ್ಡ ಎಲೆಯೊಂದನ್ನು ತೊಳೆದಿಟ್ಟುಕೊಂಡೆ. ನಾವು ಇಳಿದುಕೊಂಡಿದ್ದ ಮನೆಯ ಹಿಂದೆ ಎಷ್ಟು ಹೊತ್ತು ಕಾದರೂ ಒಂದು ಕಾಗೆಯಿಲ್ಲ. ಅಷ್ಟರಲ್ಲಿ ಗುಂಪು ಕಡಲ ಬಂಡೆಯ ಕಡೆ ಹೊರಟಿತು. ನನ್ನೊಬ್ಬಳನ್ನೇ ಬಿಟ್ಟುಹೋಗಲು ಸುಮ ಒಪ್ಪಲಿಲ್ಲ. ಎಲ್ಲವನ್ನೂ ಡಬ್ಬಿಗೆ ತುಂಬುತ್ತಿದ್ದುದನ್ನು ನೋಡಿ ಅನ್ವಿ, “ಅಮ್ಮಮ್ಮ, ಅಜ್ಜನಿಗೆ ತಪಾವ್ ಆ?” ಎಂದಳು. ನಿಲಾಯ್‌ನಲ್ಲಿ ಹೋಟೆಲಿನಿಂದ ಕಟ್ಟಿಸಿಕೊಂಡು ಬರುವುದಕ್ಕೆ ಹಾಗೆ ಹೇಳುತ್ತಾರೆ. ಹೌದು ಎನ್ನದೆ ಏನು ಮಾಡಲಿ?

ಬಂಡೆಯ ಅಂಚಿನಲ್ಲಿ ಎಲ್ಲರೂ ಹುಲ್ಲಿನ ಮೇಲೆ ಬೋರಲು ಮಲಗಿ ಪಫಿನ್ ನೋಡಿದರು. ನಾನು ಅವರಿಗೆ ಬೆನ್ನು ಹಾಕಿ ಕೂತು, ಹಿಂದಿನ ಗುಡ್ಡದಲ್ಲಿ ಕಪ್ಪು ಚುಕ್ಕೆ ಎಲ್ಲಾದರೂ ಹಾರುತ್ತದೆಯೋ ಎಂದು ಸುಮಳಿಂದ ಇಸಿದುಕೊಂಡ ದುರ್ಬೀನನ್ನು ಕಣ್ಣಿನಿಂದ ಇಳಿಸದೆ ನೋಡಿದೆ. ಹಸಿವು, ಚಳಿ, ಗಾಳಿ. ಗುಂಪಿನವರಿಗೆ ಮಾತ್ರ ನನ್ನ ಮೇಲೆ ಬಹಳ ಗೌರವ ಹುಟ್ಟಿತು. ಈ ಹೆಂಗಸು ಪಫಿನ್‌ಗಿಂತ ಅಪರೂಪದ್ದೇನನ್ನೋ ಹುಡುಕುತ್ತಿದ್ದಾಳೆ ಎಂದು ಒಬ್ಬೊಬ್ಬರೇ ನನ್ನ ಕಡೆಗೆ ತಿರುಗಿದರು. ನಮ್ಮನ್ನು ಕರೆದುಕೊಂಡು ಹೋಗಿದ್ದ ಸ್ಥಳೀಯ ಮುದುಕರೊಬ್ಬರು ಯಾವ ಹಕ್ಕಿ ಎಂದು ಕೇಳಿದಾಗ ನಾನು ಅನ್ವಿಯ ಮುಖ ನೋಡಿದೆ. ಅನ್ವಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು: ಅಜ್ಜ, ತಿಥಿ, ಕಾಗೆ, ನಾನು ಬೆಳಗಿನಿಂದ ಉಪವಾಸ. ಅದುವರೆಗೆ ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದವರು ಮೆಲ್ಲಗೆ ಅದನ್ನು ಚೀಲದೊಳಗೆ ಇಟ್ಟುಬಿಟ್ಟರು. ಇಷ್ಟು ಜನರ ಊಟ ನನ್ನ ತಲೆಯ ಮೇಲೆ ಬಂತು.

ಮುದುಕರು ದೂರದ ಬೇಲಿಗಂಬವೊಂದನ್ನು ತೋರಿಸಿದರು. ಅದರ ಮೇಲೆ ಒಂದು ಹಕ್ಕಿ ಕೂತಿತ್ತು. ತಲೆ ಕಪ್ಪು, ರೆಕ್ಕೆ ಕಪ್ಪು, ಮೈ ಮಾತ್ರ ಬೂದು ಕೋಟು ತೊಟ್ಟಂತೆ. ಇಲ್ಲಿಯ ಕಾಗೆ ಇದೇ ಎಂದರು. ಪಂಡಿತರು ಮೊದಲು ಇದನ್ನೂ ಕರಿಕಾಗೆಯನ್ನೂ ಒಂದೇ ಜಾತಿ ಎನ್ನುತ್ತಿದ್ದರಂತೆ, ಈಗ ಬೇರೆ ಬೇರೆ ಎನ್ನುತ್ತಾರಂತೆ. ಪಂಡಿತರೇ ಹೀಗೆ ಮಾತು ಬದಲಿಸಿದರೆ ಏಳನೇ ಕ್ಲಾಸಿನವರೆಗೆ ಓದಿದ ನಾನು ಏನು ತೀರ್ಮಾನ ಮಾಡಲಿ? ಹಕ್ಕಿಗಳಿಗೆ ಏನನ್ನೂ ಹಾಕಬಾರದೆಂಬುದು ಅವರ ನಿಯಮ. ಆದರೂ ನನ್ನ ಮುಖ ನೋಡಿ, ಇವತ್ತೊಂದು ಸಲ ಹಾಕಲಿ ಎಂದರು. ಕೋಸಿನೆಲೆ ಹಾಸಿ, ಗಾಳಿಗೆ ಹಾರದಂತೆ ಸುತ್ತ ಕಲ್ಲಿಟ್ಟು ಅನ್ನ, ಬಂಗುಡೆ ಬಡಿಸಿ ದೂರ ಸರಿದೆ. ಪಫಿನ್ ಕಡೆಗಿದ್ದ ದುರ್ಬೀನುಗಳೆಲ್ಲ ನನ್ನ ಎಲೆಯ ಕಡೆಗೆ ತಿರುಗಿದವು. ಕಾಗೆ ಮಾತ್ರ ಕದಲಲಿಲ್ಲ.

ಕಾಗೆ ಬರದಿದ್ದರೆ ಸತ್ತವರ ಮನಸ್ಸಿನಲ್ಲಿ ಏನಿತ್ತೋ ಊಹಿಸಿ, ಅದನ್ನು ನಡೆಸಿಕೊಡುತ್ತೇವೆಂದು ಮಾತು ಕೊಡುವುದು ನಮ್ಮ ಕ್ರಮ. ಕೈ ಮುಗಿದು ಅಜ್ಜನಿಗೆ ಪಿಸುಗುಟ್ಟಿದೆ. ಬಿ.ಪಿ. ಮಾತ್ರೆ ತಪ್ಪಿಸುವುದಿಲ್ಲ ಎಂದೆ. ನಿಮ್ಮ ತಂಗಿಯ ಜೊತೆ ಮಾತು ಬಿಟ್ಟಿದ್ದೇನಲ್ಲ, ಹೋದ ಕೂಡಲೇ ಫೋನ್ ಮಾಡುತ್ತೇನೆ ಎಂದೆ. ನೀವು ಗೊರಕೆ ಹೊಡೆಯುತ್ತಿದ್ದಿರೆಂದು ಇನ್ನು ಯಾರಿಗೂ ಹೇಳುವುದಿಲ್ಲ ಎಂದೆ. ನನ್ನ ಪಕ್ಕದಲ್ಲಿ ನಿಂತಿದ್ದ ಅನ್ವಿ ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸಿ ಗುಂಪಿಗೆ ಹೇಳುತ್ತಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಗೊರಕೆಯ ಮಾತಿಗೆ ಹೆಂಗಸರೆಲ್ಲ ತಲೆಯಾಡಿಸಿದರಂತೆ. ಕೊನೆಗೆ, ಇಂಥದ್ದನ್ನೆಲ್ಲ ನಂಬದ ಅಳಿಯಂದಿರೇ ಹಸಿವು ತಾಳಲಾರದೆ ಮುಂದೆ ಬಂದು ಕೈ ಮುಗಿದರು. “ಮಾವ, ಬರುವ ವರ್ಷ ನಿಮ್ಮ ತಿಥಿ ನೋಡಿಯೇ ಟಿಕೆಟ್ ಮಾಡ್ತೇನೆ. ಈಗ ಒಮ್ಮೆ ಬಂದುಬಿಡಿ,” ಎಂದರು.

ಬೀಸಿ ಬಂದದ್ದು ಕಾಗೆಯಲ್ಲ. ಎಲ್ಲಿತ್ತೋ ಏನೋ, ದೊಡ್ಡದೊಂದು ಕಡಲಹಕ್ಕಿ ಸುಯ್ಯೆಂದು ಇಳಿದು ಬಂಗುಡೆಯನ್ನು ಕಚ್ಚಿಕೊಂಡು ಹಾರಿಯೇ ಹೋಯಿತು. ಅನ್ನದ ಕಡೆಗೆ ತಿರುಗಿಯೂ ನೋಡಲಿಲ್ಲ. ಮುದುಕರು ತಮ್ಮ ಮನೆಯವರೇ ಕದ್ದರೇನೋ ಎಂಬಂತೆ ಟೋಪಿ ತೆಗೆದು ಕ್ಷಮೆ ಕೇಳಿದರು.

“ಅಮ್ಮ, ಅದು ಕಾಗೆ ಅಲ್ಲ ಅಲ್ವಾ? ಲೆಕ್ಕಕ್ಕೆ ಬರ್ತದಾ?” ಎಂದು ಸುಮ ಅಳುಮುಖದಲ್ಲಿ ಕೇಳಿದಳು.

“ನಿನ್ನ ಅಪ್ಪ ಯಾವತ್ತು ಅನ್ನ ಬಡಿಸುವವರೆಗೆ ಕಾದಿದ್ದಾರೆ ಮಾರಾಯ್ತಿ? ಅವರೇ ಅದು. ಎಲ್ಲರಿಗೂ ಊಟ ಮಾಡಲಿಕ್ಕೆ ಹೇಳು,” ಎಂದೆ.

ಹೇಳಿದ್ದೇನೋ ಧೈರ್ಯವಾಗಿಯೇ. ಸ್ಯಾಂಡ್‌ವಿಚ್‌ಗಳೆಲ್ಲ ಹೊರಬಂದವು. ನಾನೂ ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟೆನೋ ಇಲ್ಲವೋ, ಆ ಬೂದು ಕೋಟಿನ ಕಾಗೆ ಕಂಬದಿಂದ ಇಳಿಯಿತು. ಹಾರಿ ಬರಲಿಲ್ಲ, ಯಾವ ಅವಸರವೂ ಇಲ್ಲದೆ ನಡೆದೇ ಬಂತು. ಅನ್ನವನ್ನು ಒಂದಿಷ್ಟು ಕುಕ್ಕಿತು. ಕೋಸಿನೆಲೆಯ ಅಂಚನ್ನು ಎತ್ತಿ ಅಡಿಯಲ್ಲಿ ಏನಿದೆ ಎಂದು ಪರೀಕ್ಷಿಸಿತು. ಆಮೇಲೆ ಕತ್ತನ್ನು ಓರೆ ಮಾಡಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿತು. ಆ ನೋಟ ನನಗೆ ಪರಿಚಯದ್ದು. ನನ್ನ ಅತ್ತೆ ಹೀಗೆಯೇ, ಎಲ್ಲರ ಊಟವಾದ ಮೇಲೆ ನಿಧಾನವಾಗಿ ಅಡುಗೆಮನೆಗೆ ಬಂದು ಒಂದೊಂದೇ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದರು. ಹಾಗಾದರೆ ಬಂದವರು ಯಾರು, ತಿಥಿ ಯಾರದು, ನಾನು ಕೊಟ್ಟ ಮಾತುಗಳೆಲ್ಲ ಯಾರಿಗೆ ಸಂದವು? ಯೋಚಿಸಲು ಪುರಸೊತ್ತಿರಲಿಲ್ಲ. ಬಾಯಲ್ಲಿದ್ದ ತುತ್ತನ್ನು ಅಗಿಯದೆ ನುಂಗಿ, ಜಾಕೆಟ್ಟಿನ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತೆ.

ಅನ್ವಿ ಆಗ ತೆಗೆದ ಫೋಟೋವನ್ನು ಅಳಿಯಂದಿರು ದೊಡ್ಡದು ಮಾಡಿಸಿ ನಿಲಾಯ್ ಮನೆಯ ಗೋಡೆಗೆ ಹಾಕಿದ್ದಾರೆ. ಕಾಗೆ ತಿನ್ನುತ್ತಿದೆ, ನಾನು ಎದುರಿಗೆ ತಲೆ ತಗ್ಗಿಸಿ ಕೈಕಟ್ಟಿ ನಿಂತಿದ್ದೇನೆ. ಮನೆಗೆ ಬಂದವರೆಲ್ಲ ಎಂಥ ಭಕ್ತಿ ಎನ್ನುತ್ತಾರೆ. ನಾನು ಇಲ್ಲವೆನ್ನುವುದಿಲ್ಲ. ಅನ್ನಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಅದು ಈಗ ಹೇಳುತ್ತದೆ, ಇನ್ನೊಂದು ಕ್ಷಣಕ್ಕೆ ಹೇಳುತ್ತದೆ ಎಂದು ಕಾಯುತ್ತಿದ್ದವಳು ನಾನು.